ಲಾರಿಗಿಂತ ಮೊದಲು ಶಾಲೆಯ ಕಾಗದ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮೂರನೆಯದೊಂದನ್ನು ಹೇಳದೆ ಬಿಟ್ಟರು. ಮನೆ ಖಾಲಿ ಮಾಡಿ ನೋಡು ಎಂಬುದೇ ಅದು. ಆ ಕಾಲದಲ್ಲಿ ಹುಟ್ಟಿದ ಊರು ಬಿಟ್ಟು ಹೋಗುವವರು ಕಡಿಮೆ ಇದ್ದರೋ ಏನೋ. ಈಗ ಹಾಗಿಲ್ಲ. ಬ್ಯಾಂಕಿನವರು, ಶಿಕ್ಷಕರು, ಪೊಲೀಸರು, ಕಂಪನಿಯ ನೌಕರರು, ಗಣಿ ಮತ್ತು ಉಕ್ಕಿನ ಕಾರ್ಖಾನೆಗಳನ್ನು ನಂಬಿದವರು, ಬಳ್ಳಾರಿಯ ಜೀನ್ಸ್ ಹೊಲಿಗೆಯವರು, ಹೀಗೆ ಒಂದಲ್ಲ ಒಂದು ದಿನ ಗಂಟುಮೂಟೆ ಕಟ್ಟುವ ಸಂಸಾರಗಳಿಗೆ ಲೆಕ್ಕವಿಲ್ಲ. ವರ್ಗಾವಣೆಯ ಆದೇಶ ಕೈಗೆ ಬಂದ ಕೂಡಲೇ ಮನೆಯ ಯಜಮಾನ ಮಾಡುವ ಮೊದಲ ಕೆಲಸ ಲಾರಿಯ ಬಾಡಿಗೆ ವಿಚಾರಿಸುವುದು. ಎರಡನೆಯದು ಆ ಊರಿನಲ್ಲಿ ಬಾಡಿಗೆ ಮನೆ ಹುಡುಕುವುದು. ಮಕ್ಕಳ ಶಾಲೆಯ ಮಾತು ಬರುವ ಹೊತ್ತಿಗೆ ಅರ್ಧ ಸಾಮಾನು ಗೋಣಿಚೀಲದೊಳಗೆ ಹೋಗಿರುತ್ತದೆ. ಇದು ತಲೆಕೆಳಗಾದ ಕ್ರಮ. ಲಾರಿ ಯಾವ ದಿನ ಬೇಕಾದರೂ ಸಿಕ್ಕುತ್ತದೆ. ಹತ್ತನೆಯ ತರಗತಿ ಒಮ್ಮೆ ಮಾತ್ರ ಬರುತ್ತದೆ.

ಸಿರುಗುಪ್ಪದ ಒಂದು ಸಂಸಾರವನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ತಂದೆ ಬೀಜ, ಕ್ರಿಮಿನಾಶಕ ಮಾರುವ ಕಂಪನಿಯೊಂದರ ಪ್ರತಿನಿಧಿ. ಹತ್ತು ವರ್ಷ ಭತ್ತದ ಗದ್ದೆಗಳ ಬದುವಿನ ಮೇಲೆ ಬೈಕು ಓಡಿಸಿದ ಮೇಲೆ ಬಡ್ತಿ ಸಿಕ್ಕಿದೆ, ಪುಣೆಯ ಕಚೇರಿಗೆ. ಜನವರಿಯಲ್ಲಿ ಕಾಗದ ಬಂತು, ಏಪ್ರಿಲ್‌ನಲ್ಲಿ ಹಾಜರಾಗಬೇಕು. ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ, ಮಗ ನಾಲ್ಕನೆಯ ತರಗತಿ. ತಂದೆಯ ತಾಯಿ ಕುರುಗೋಡಿನಲ್ಲಿ ಸ್ವಂತ ಮನೆಯಲ್ಲಿ ಒಬ್ಬರೇ ಇದ್ದಾರೆ. ಬಡ್ತಿಯ ಪೇಡೆ ಹಂಚಿದ ಸಂಜೆಯೇ ಲಾರಿಯ ಮಾತು ಶುರುವಾಯಿತು.

‘ಲಾರಿ ಮಾತು ಆಮ್ಯಾಕ ಆಡೋಣ್ರಿ. ಮೊದ್ಲು ಹುಡುಗಿ ಸಾಲೀದು ನೋಡ್ರಿ’ ಎಂದರು ತಾಯಿ.

‘ಪುಣೆದಾಗ ಸಾಲಿ ಇಲ್ಲೇನು?’ ಎಂದರು ತಂದೆ.

ಸಾಲೆ ಇವೆ, ಬೇಕಾದಷ್ಟು ಇವೆ. ಆದರೆ ಆ ಹುಡುಗಿಗೆ ಬಾಗಿಲು ತೆರೆಯುವ ಸಾಲೆ ಯಾವುದು ಎಂಬುದು ಬೇರೆಯೇ ಪ್ರಶ್ನೆ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ, ಅಂದರೆ ಸಿಬಿಎಸ್‌ಇ, ಹತ್ತನೆಯ ತರಗತಿಗೆ ನೇರವಾಗಿ ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ. ತನ್ನದೇ ಮಾನ್ಯತೆಯ ಶಾಲೆಯಲ್ಲಿ ಒಂಬತ್ತನೆಯ ತರಗತಿ ಮುಗಿಸಿದವರಿಗೆ ಮಾತ್ರ ಅಲ್ಲಿ ಹತ್ತು. ಪಾಲಕರ ವರ್ಗಾವಣೆಯಂಥ ಕಾರಣ ತೋರಿಸಿ ಶಾಲೆ ಬದಲಿಸುವವರಿಗೂ ಮಂಡಳಿಯ ಒಪ್ಪಿಗೆ ಬೇಕು. ರಾಜ್ಯ ಪಠ್ಯಕ್ರಮದಿಂದ ಬಂದ ಹುಡುಗಿಗೆ ಆ ದಾರಿ ಮುಚ್ಚಿದಂತೆಯೇ. ಉಳಿದದ್ದು ಮಹಾರಾಷ್ಟ್ರದ ರಾಜ್ಯ ಮಂಡಳಿ. ಅಲ್ಲಿ 2020ರ ಕಾಯ್ದೆಯಂತೆ ಶಾಲೆಗಳಲ್ಲಿ ಮರಾಠಿ ಕಲಿಕೆ ಕಡ್ಡಾಯ. ಒಂಬತ್ತು ವರ್ಷ ಕನ್ನಡದಲ್ಲಿ ಗಣಿತ, ವಿಜ್ಞಾನ ಓದಿದ ಮಗುವಿಗೆ ಹೊಸ ಪಠ್ಯ, ಹೊಸ ಮಾಧ್ಯಮ, ಹೊಸ ಲಿಪಿಯಲ್ಲದಿದ್ದರೂ ಹೊಸ ಭಾಷೆ, ಎಲ್ಲವೂ ಒಟ್ಟಿಗೆ ಹತ್ತೇ ತಿಂಗಳಲ್ಲಿ! ಇಲ್ಲಿ ಅವಳ ಬಲವಾದ ವಿಷಯವೇ ಕನ್ನಡ. ಕರ್ನಾಟಕದ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. 625ರಲ್ಲಿ ಐದನೆಯ ಒಂದು ಪಾಲು. ಅದನ್ನು ಹೆಬ್ಬಾಗಿಲಲ್ಲೇ ಬಿಟ್ಟು ಹೋಗಬೇಕು.

ಇದಕ್ಕಿಂತ ದೊಡ್ಡ ಸಂಗತಿಯೊಂದಿದೆ. ಬಹಳ ಪಾಲಕರಿಗೆ ಅದು ಹೊಳೆಯುವುದು ಮೂರು ವರ್ಷ ಕಳೆದ ಮೇಲೆ, ಸಿಇಟಿ ಅರ್ಜಿ ತುಂಬುವಾಗ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಎಂಜಿನಿಯರಿಂಗ್, ಕೃಷಿ ವಿಜ್ಞಾನ, ವೈದ್ಯಕೀಯದಂಥ ಕೋರ್ಸುಗಳ ಸರ್ಕಾರಿ ಕೋಟಾದ ಸೀಟು ಬೇಕಾದರೆ ಅರ್ಹತೆಯ ಕಲಂಗಳಿವೆ. ಅವುಗಳಲ್ಲಿ ಹೆಚ್ಚಿನ ಮಕ್ಕಳಿಗೆ ಅನ್ವಯಿಸುವ ಮೊದಲ ಕಲಂ ಹೇಳುವುದು ಇಷ್ಟು. ಒಂದನೆಯ ತರಗತಿಯಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಜೊತೆಗೆ ಹತ್ತನೆಯದನ್ನೋ ಹನ್ನೆರಡನೆಯದನ್ನೋ ಕರ್ನಾಟಕದಲ್ಲೇ ಪಾಸು ಮಾಡಿರಬೇಕು. ಸಿರುಗುಪ್ಪದ ಹುಡುಗಿ ಒಂಬತ್ತು ವರ್ಷ ಇಲ್ಲೇ ಓದಿದ್ದಾಳೆ, ಮೊದಲ ಷರತ್ತು ಸಲೀಸಾಗಿ ದಾಟುತ್ತಾಳೆ. ಆದರೆ ಹತ್ತು, ಹನ್ನೆರಡು ಎರಡನ್ನೂ ಪುಣೆಯಲ್ಲಿ ಮುಗಿಸಿದರೆ ಎರಡನೆಯ ಷರತ್ತಿನಲ್ಲಿ ಜಾರುತ್ತಾಳೆ. ಒಂಬತ್ತು ವರ್ಷದ ಓದು ಲೆಕ್ಕಕ್ಕಿಲ್ಲದಂತಾಗುತ್ತದೆ. ಸೈನಿಕರ ಮಕ್ಕಳು, ಗಡಿನಾಡು, ಹೊರನಾಡು ಕನ್ನಡಿಗರು ಮುಂತಾದವರಿಗೆ ಬೇರೆ ಕಲಂಗಳೂ ಇವೆ, ನಿಜ. ಆದರೆ ಅವುಗಳಿಗೆ ಅವುಗಳದ್ದೇ ಷರತ್ತು, ಅವುಗಳದ್ದೇ ಕಾಗದ. ಪ್ರತಿ ವರ್ಷ ಪ್ರಾಧಿಕಾರ ಹೊರಡಿಸುವ ಕೈಪಿಡಿಯಲ್ಲಿ ಎಲ್ಲವೂ ಅಚ್ಚಾಗಿರುತ್ತದೆ. ಊರು ಬಿಡುವ ಮುನ್ನ ಅದನ್ನು ಒಮ್ಮೆ ಕೂತು ಓದಲು ಒಂದು ಸಂಜೆ ಸಾಕು.

ಆದ್ದರಿಂದ ಆ ಮನೆಯವರ ಮುಂದಿದ್ದ ಪ್ರಶ್ನೆ ಎಲ್ಲರೂ ಈಗ ಹೊರಡುವುದೋ, ತಂದೆ ಮೊದಲು ಹೋಗಿ ಉಳಿದವರು ಒಂದು ವರ್ಷ ತಡೆದು ಹೋಗುವುದೋ ಎಂಬುದು. ಒಂದು ವರ್ಷ ಎರಡು ಮನೆ ಎಂದರೆ ಎರಡು ಬಾಡಿಗೆ, ಎರಡು ಒಲೆ. ತಂದೆ ಮನೆಯಲ್ಲಿಲ್ಲದ ವರ್ಷವೇ ಮಗಳ ದೊಡ್ಡ ಪರೀಕ್ಷೆ. ರಾತ್ರಿ ಹೊತ್ತು ಚಿಕ್ಕವನಿಗೆ ಜ್ವರ ಬಂದರೆ ಆಸ್ಪತ್ರೆಗೆ ಓಡುವವರು ಯಾರು? ಇವೆಲ್ಲ ಸಣ್ಣ ಮಾತುಗಳಲ್ಲ.

ಈ ಭಾಗಕ್ಕೆ ಇಂಥ ಲೆಕ್ಕಾಚಾರ ಹೊಸದೇನೂ ಅಲ್ಲ. ಸಿರುಗುಪ್ಪದಿಂದ ಯಾವ ದಿಕ್ಕಿಗೆ ಹೊರಟರೂ ‘ಕ್ಯಾಂಪ್’ ಎಂಬ ಹೆಸರಿನ ಊರುಗಳು ಸಿಗುತ್ತವೆ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ಹರಿಯತೊಡಗಿತು. ಕಾಲುವೆ ಬಂದ ಮೇಲೆ ಕರಾವಳಿ ಆಂಧ್ರದ ಕೃಷ್ಣಾ, ಗೋದಾವರಿ ಸೀಮೆಯ ರೈತರು ಅಲ್ಲಿಯ ದುಬಾರಿ ತುಂಡು ಭೂಮಿ ಮಾರಿ, ಇಲ್ಲಿ ಅಗ್ಗವಾಗಿದ್ದ ಹೆಚ್ಚು ಭೂಮಿ ಕೊಂಡು ಬಂದು ನೆಲೆಸಿದರು. ಅವರು ಬಂದ ರೀತಿ ನೋಡಬೇಕು. ಮೊದಲು ಬಂದವರು ಗಂಡಸರು. ನೆಲ ನೋಡಿ, ಗುಡಿಸಲು ಹಾಕಿ, ಒಂದು ಬೆಳೆ ತೆಗೆದು ನಂಬಿಕೆ ಬಂದ ಮೇಲೆ ಹೆಂಡತಿ ಮಕ್ಕಳನ್ನು, ಅವರ ಹಿಂದೆ ಅಣ್ಣತಮ್ಮಂದಿರನ್ನು, ಬೀಗರನ್ನು ಕರೆಸಿಕೊಂಡರು. ನೂರಾರು ಮೈಲಿ ದೂರದ ಸ್ಥಳಾಂತರವನ್ನು ಕಂತುಗಳಲ್ಲಿ ಮಾಡಿದ ಜಾಣರು ಅವರು.

ಅದೇ ನೀರು ಇನ್ನೊಂದು ಬಗೆಯ ವಲಸೆಯನ್ನೂ ಮಾಡಿಸಿತು. ಜಲಾಶಯದ ಹಿನ್ನೀರಿನಲ್ಲಿ ತೊಂಬತ್ತರಷ್ಟು ಹಳ್ಳಿಗಳು ಮುಳುಗಿದವು. ಹೊಸಪೇಟೆ ಸೀಮೆಯ ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ಬದುಕು ಕಟ್ಟಿಕೊಂಡರು. ಅವರಿಗೆ ಕಂತಿನ ಅವಕಾಶ ಇರಲಿಲ್ಲ, ನೀರು ಏರುವ ಮುನ್ನ ಹೊರಡಲೇಬೇಕಿತ್ತು. ಬಡ್ತಿಯ ಕಾಗದ ಹಿಡಿದವರ ಹಿಂದೆ ನೀರೇನೂ ಏರಿ ಬರುತ್ತಿಲ್ಲ. ಎಲ್ಲರೂ ಒಂದೇ ದಿನ ಹೊರಡಬೇಕೆಂಬ ಹಟವೇಕೆ?

ಸಿರುಗುಪ್ಪದ ಮನೆಯಲ್ಲಿ ದಾರಿ ತೋರಿಸಿದ್ದು ಮಗಳೇ. ತಾಯಿ ಮಕ್ಕಳನ್ನು ಕರೆದುಕೊಂಡು ಕುರುಗೋಡಿಗೆ ಹೋಗಿ ಅಜ್ಜಿಯ ಮನೆಯಲ್ಲಿ ಇರಲಿ, ಒಂದು ಬಾಡಿಗೆಯಾದರೂ ಉಳಿಯುತ್ತದೆ ಎಂಬುದು ತಂದೆಯ ಯೋಚನೆ. ಹಾಗೆ ಮಾಡಿದರೆ ಹುಡುಗಿಗೆ ಎರಡು ವರ್ಷದಲ್ಲಿ ಎರಡು ಶಾಲೆ ಬದಲಾಗುತ್ತವೆ. ಅದು ಯಾರ ತಲೆಗೂ ಹೊಳೆದಿರಲಿಲ್ಲ.

‘ಅಪ್ಪಾ, ನಾವು ಅಲ್ಲಿಗೆ ಹೋಗೋ ಬದ್ಲು ಅಜ್ಜೀನ ಇಲ್ಲಿಗೆ ಬಂದ್ರ ಆಗಲ್ಲೇನು? ಹತ್ತು ತಿಂಗ್ಳು ಅಷ್ಟೇ ಅಲ್ಲ’ ಎಂದಳು.

ಅಜ್ಜಿಯನ್ನು ಕೇಳಿದರು. ‘ಬರ್ತೀನಿ ಬಿಡವ್ವ. ಆದ್ರ ಸೋಮವಾರ ದೊಡ್ಡಬಸಪ್ಪನ ಗುಡಿಗೆ ನಾ ಕುರುಗೋಡಿಗೆ ಹೋಗಾಕಬೇಕು’ ಎಂದರು. ಕುರುಗೋಡಿನ ದೊಡ್ಡಬಸವೇಶ್ವರನನ್ನು ಬಿಟ್ಟು ಅವರು ಒಂದು ಸೋಮವಾರವೂ ಕಳೆದವರಲ್ಲ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿನ ಚಿಂತೆಯೂ ಇಲ್ಲ. ಹೀಗೆ ಆ ಮನೆಯ ದೊಡ್ಡ ತೀರ್ಮಾನ ಒಂದು ರಾತ್ರಿಯ ಊಟದ ಹೊತ್ತಿನಲ್ಲಿ ಮುಗಿಯಿತು. ಪಾಲಕರು ಮಕ್ಕಳನ್ನು ಕೇಳುವುದೇ ಕಡಿಮೆ. ಕೇಳಿದರೆ ಕೆಲವೊಮ್ಮೆ ಹೀಗೂ ಆಗುತ್ತದೆ.

ಎಲ್ಲ ಮನೆಗೂ ಇದೇ ಉತ್ತರ ಎಂದಲ್ಲ. ಮಕ್ಕಳು ಚಿಕ್ಕವರಿದ್ದರೆ ಒಟ್ಟಿಗೆ ಹೊರಡುವುದೇ ಲೇಸು. ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಂ ದೊಡ್ಡ ಆಸರೆ. ಯಾವುದೇ ಕಾರಣಕ್ಕೆ ರಾಜ್ಯದೊಳಗಾಗಲಿ ಹೊರಗಾಗಲಿ ಶಾಲೆ ಬದಲಿಸಬೇಕಾಗಿ ಬಂದ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗ ಕೇಳುವ ಹಕ್ಕು ಪಡೆದಿದೆ. ಮುಖ್ಯೋಪಾಧ್ಯಾಯರು ವರ್ಗಾವಣೆ ಪ್ರಮಾಣಪತ್ರವನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ಬಾಗಿಲಲ್ಲಿ ನಿಲ್ಲಿಸುವಂತಿಲ್ಲ. ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಕೇಂದ್ರೀಯ ವಿದ್ಯಾಲಯಗಳ ಅನುಕೂಲವೂ ಇದೆ. ಬಳ್ಳಾರಿಯ ವಿದ್ಯಾಲಯದಿಂದ ಇನ್ನೊಂದು ಊರಿನ ವಿದ್ಯಾಲಯಕ್ಕೆ ಹೋಗುವ ಮಗುವಿಗೆ ಪಠ್ಯ ಬದಲಾಗುವುದಿಲ್ಲ. ಒಂಬತ್ತರ ನಂತರ ಮಾತ್ರ ಆಟ ಬಿಗಿಯಾಗುತ್ತದೆ. ಪಿಯುಸಿ ಮೊದಲ ವರ್ಷ ಮುಗಿಸಿ ಎರಡನೆಯ ವರ್ಷಕ್ಕೆ ರಾಜ್ಯ ಬದಲಿಸುವುದಂತೂ ಬೇಡವೇ ಬೇಡ. ಅಂಥ ಮಗುವನ್ನು ಒಂದು ವರ್ಷ ಬಳ್ಳಾರಿಯ ಹಾಸ್ಟೆಲಿನಲ್ಲೋ ನೆಂಟರ ಮನೆಯಲ್ಲೋ ಬಿಡುವುದು ಪಾಲಕರಿಗೆ ಸಂಕಟವಾದರೂ ಮಗುವಿಗೆ ಒಳ್ಳೆಯದು.

ಇನ್ನು ಕಾಗದ ಪತ್ರದ ಮಾತು. ಬಳ್ಳಾರಿ ಜಿಲ್ಲೆಯವರಿಗೆ ಇದು ಉಳಿದವರಿಗಿಂತ ಹೆಚ್ಚು ತೊಡಕು. ಕಾರಣ, ಇಲ್ಲಿಯ ಜನ ಕೂತಲ್ಲೇ ಕೂತಿದ್ದರೂ ಊರಿನ ವಿಳಾಸ ಓಡಾಡುತ್ತಿರುತ್ತದೆ! 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು ಮದ್ರಾಸು ರಾಜ್ಯದಿಂದ ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಅಜ್ಜಂದಿರು ಹಾಸಿಗೆಯಿಂದ ಏಳುವಷ್ಟರಲ್ಲಿ ರಾಜ್ಯವೇ ಬೇರೆ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ‘ಬೆಳ್ಳಾರಿ’ ಎಂದು ಬರೆಯುತ್ತಿದ್ದುದು ‘ಬಳ್ಳಾರಿ’ ಆಯಿತು. ಬಳ್ಳಾರಿ ತಾಲ್ಲೂಕಿನಲ್ಲಿದ್ದ ಕುರುಗೋಡು ತಾನೇ ತಾಲ್ಲೂಕಾಯಿತು. 2021ರಲ್ಲಿ ಹೊಸಪೇಟೆಯ ಕಡೆಯ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಾದವು. ಹರಪನಹಳ್ಳಿಯವರ ಪಾಡಂತೂ ಹೇಳತೀರದು. 1997ರಲ್ಲಿ ದಾವಣಗೆರೆ ಜಿಲ್ಲೆ, ಆಮೇಲೆ ಮತ್ತೆ ಬಳ್ಳಾರಿ, ಈಗ ವಿಜಯನಗರ. ಒಂದೇ ಮನೆಯಲ್ಲಿ ಹುಟ್ಟಿದ ಮಕ್ಕಳ ದಾಖಲೆಗಳಲ್ಲಿ ಬೇರೆ ಬೇರೆ ಜಿಲ್ಲೆ.

ಊರಲ್ಲಿ ಇದ್ದಷ್ಟು ದಿನ ಇದರಿಂದ ತೊಂದರೆ ಇಲ್ಲ, ಕಚೇರಿಯ ಗುಮಾಸ್ತರಿಗೆ ಎಲ್ಲ ಗೊತ್ತಿರುತ್ತದೆ. ಪುಣೆಯ ಗುಮಾಸ್ತರಿಗೆ ಗೊತ್ತಿರಬೇಕಿಲ್ಲ. ಅಕ್ಕನ ಜನನ ಪತ್ರದಲ್ಲಿ ಬೆಳ್ಳಾರಿ, ತಮ್ಮನದರಲ್ಲಿ ಬಳ್ಳಾರಿ. ಆಧಾರಿನಲ್ಲಿ ಕುರುಗೋಡು ತಾಲ್ಲೂಕು, ಶಾಲೆಯ ದಾಖಲೆಯಲ್ಲಿ ಬಳ್ಳಾರಿ ತಾಲ್ಲೂಕು. ಇವೆರಡೂ ಒಂದೇ ಊರು ಎಂದು ನಂಬಿಸುವ ಹೊತ್ತಿಗೆ ಪ್ರವೇಶದ ಗಡುವು ಮುಗಿದಿರುತ್ತದೆ. ಆದ್ದರಿಂದ ಹೊರಡುವ ಮೂರು ತಿಂಗಳ ಮೊದಲೇ ಮನೆಯ ಎಲ್ಲರ ಕಾಗದಗಳನ್ನು ಚಾಪೆಯ ಮೇಲೆ ಹರಡಿ, ಹೆಸರು, ಹುಟ್ಟಿದ ದಿನ, ಊರು, ತಾಲ್ಲೂಕು ತಾಳೆ ನೋಡಬೇಕು. ತಿದ್ದಬಹುದಾದುದನ್ನು ಇಲ್ಲೇ ತಿದ್ದಿಸಬೇಕು.

ಊರಿಗಿಂತಲೂ ಕಠಿಣವಾದದ್ದು ಹೆಸರು. ನಮ್ಮ ಕಡೆಯ ಮಕ್ಕಳ ಹೆಸರಿನ ಹಿಂದೆಯೋ ಮುಂದೆಯೋ ಒಂದೆರಡು ಅಕ್ಷರ ಇರುತ್ತವೆ. ಊರಿನದೋ, ಮನೆತನದ್ದೋ, ತಂದೆಯದೋ ಎಂದು ಆ ಮನೆಯವರಿಗೇ ಕೆಲವು ಸಲ ನೆನಪಿರುವುದಿಲ್ಲ. ಮಹಾರಾಷ್ಟ್ರದ ಅರ್ಜಿಗಳಲ್ಲಿ ಮನೆತನದ ಹೆಸರು ಮೊದಲು, ಆಮೇಲೆ ಮಗುವಿನ ಹೆಸರು, ಆಮೇಲೆ ತಂದೆಯ ಹೆಸರು ಎಂದು ಮೂರು ಮನೆಗಳಿರುತ್ತವೆ. ‘ಕೆ’ ಎಂಬ ಒಂದಕ್ಷರವನ್ನು ಯಾವ ಮನೆಯಲ್ಲಿ ತುಂಬುವುದು? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗೆ ಅಚ್ಚಾಗುತ್ತದೋ ಮುಂದೆ ಜೀವನಪೂರ್ತಿ ಅದೇ ಆಧಾರ. ಪರೀಕ್ಷೆಗೆ ನೋಂದಣಿಯಾಗುವಾಗ ಶಾಲೆಯವರು ವಿವರಗಳನ್ನು ಪರಿಶೀಲಿಸಲು ತೋರಿಸುತ್ತಾರೆ. ಬಹಳ ಪಾಲಕರು ಓದದೆ ರುಜು ಹಾಕಿ ಕಳಿಸುತ್ತಾರೆ. ಆ ಐದು ನಿಮಿಷದ ಓದು ಮುಂದಿನ ಐದು ವರ್ಷದ ಅಲೆದಾಟ ತಪ್ಪಿಸುತ್ತದೆ. ಸಿರುಗುಪ್ಪದ ಹುಡುಗಿ ಇಲ್ಲೇ ಉಳಿದದ್ದರಿಂದ ಆ ಪಟ್ಟಿ ಅವಳ ಕೈಗೂ ಬರುತ್ತದೆ.

ಶಾಲೆಯಿಂದ ಪಡೆಯಬೇಕಾದುದರಲ್ಲಿ ವರ್ಗಾವಣೆ ಪ್ರಮಾಣಪತ್ರವನ್ನು ಎಲ್ಲರೂ ನೆನಪಿಡುತ್ತಾರೆ. ಹೊರ ರಾಜ್ಯಕ್ಕೆ ಹೋಗುವುದಾದರೆ ಅದಕ್ಕೆ ಶಿಕ್ಷಣಾಧಿಕಾರಿಗಳ ಮೇಲುರುಜು ಕೇಳುವುದುಂಟು, ಅದನ್ನು ಇಲ್ಲಿಂದಲೇ ಹಾಕಿಸಿಕೊಂಡು ಹೋಗುವುದು ಜಾಣತನ. ಎಲ್ಲರೂ ಮರೆಯುವುದು ವ್ಯಾಸಂಗ ಪ್ರಮಾಣಪತ್ರ. ಯಾವ ವರ್ಷ, ಯಾವ ತರಗತಿ, ಯಾವ ಶಾಲೆ ಎಂದು ಮುಖ್ಯೋಪಾಧ್ಯಾಯರು ಬರೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲುರುಜು ಹಾಕಿದ ಕಾಗದ ಅದು. ಮೇಲೆ ಹೇಳಿದ 7 ವರ್ಷದ ಲೆಕ್ಕಕ್ಕೆ ಸಿಇಟಿಯವರು ಕೇಳುವುದು ಇದನ್ನೇ. ಪ್ರಾಥಮಿಕ ಶಾಲೆ ಒಂದು ಊರಲ್ಲಿ, ಪ್ರೌಢಶಾಲೆ ಇನ್ನೊಂದು ಊರಲ್ಲಿ ಆಗಿದ್ದರೆ ಎರಡು ಕಡೆಯೂ ತೆಗೆದುಕೊಳ್ಳಬೇಕು. ಪುಣೆಯಿಂದ ಮೂರು ವರ್ಷದ ನಂತರ ರಜೆ ಹಾಕಿ ಬಂದು, ಮುಖ್ಯೋಪಾಧ್ಯಾಯರು ತರಬೇತಿಗೆ ಹೋಗಿದ್ದಾರೆ, ನಾಳೆ ಬನ್ನಿ ಎನಿಸಿಕೊಳ್ಳುವುದಕ್ಕಿಂತ ಈಗಲೇ ನಾಲ್ಕು ಪ್ರತಿ ಮಾಡಿಸಿಟ್ಟುಕೊಳ್ಳುವುದು ಮೇಲು. ಶಾಲೆಯ ಗಣಕ ದಾಖಲೆಯಲ್ಲಿ ಮಗುವಿನ ಹೆಸರಿಗಿರುವ ವಿದ್ಯಾರ್ಥಿ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಹೊರ ರಾಜ್ಯಕ್ಕೆ ಹೋಗುವವರಿಗೆ ಪರೀಕ್ಷಾ ಮಂಡಳಿಯ ವಲಸೆ ಪ್ರಮಾಣಪತ್ರ ಬೇಕಾಗುತ್ತದೆ. ಪುಣೆಯಲ್ಲಿ ಹನ್ನೊಂದನೆಯ ತರಗತಿಯ ಪ್ರವೇಶ ಕೇಂದ್ರೀಕೃತವಾಗಿ, ಆನ್‌ಲೈನ್ ಮೂಲಕ ಸುತ್ತು ಸುತ್ತಾಗಿ ನಡೆಯುತ್ತದೆ. ಫಲಿತಾಂಶ ಬಂದ ಮೇಲೆ ಸಾವಕಾಶವಾಗಿ ನೋಡಿದರಾಯಿತು ಎನ್ನುವಂತಿಲ್ಲ.

ಬಳ್ಳಾರಿಯ ಮಕ್ಕಳಿಗೆ ಇನ್ನೊಂದು ಕಾಗದವಿದೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿಯಂತೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಮೀಸಲು. ಅದರ ಅರ್ಹತಾ ಪತ್ರ ಕೊಡುವವರು ಉಪವಿಭಾಗಾಧಿಕಾರಿಗಳು. ಇಲ್ಲಿಯೇ ಹುಟ್ಟಿದ್ದಕ್ಕೆ, ಇಲ್ಲಿಯೇ ಬದುಕಿದ್ದಕ್ಕೆ ಪುರಾವೆಗಳೆಲ್ಲ ಇಲ್ಲಿನ ಕಚೇರಿಗಳಲ್ಲೇ ಇರುವುದರಿಂದ ಊರಲ್ಲಿರುವಾಗಲೇ ಅದನ್ನು ಪಡೆದಿಟ್ಟುಕೊಳ್ಳಬೇಕು. ಜಾತಿ, ಆದಾಯ ಪ್ರಮಾಣಪತ್ರಗಳದ್ದೂ ಅಷ್ಟೇ. ಪರಿಶಿಷ್ಟ ಜಾತಿ, ಪಂಗಡದವರು ರಾಜ್ಯ ಬದಲಿಸಿದರೆ ಮೂಲ ರಾಜ್ಯದವರೆಂದೇ ಗಣನೆಯಾಗುತ್ತಾರೆ. ಹೊಸ ರಾಜ್ಯದ ಮೀಸಲಾತಿ ತಾನಾಗಿ ಸಿಗುವುದಿಲ್ಲ. ಆದ್ದರಿಂದ ತಂದೆಯ ಹೆಸರಿನ ಹಳೆಯ ಪ್ರಮಾಣಪತ್ರವನ್ನೂ ಜೋಪಾನ ಮಾಡಬೇಕು. ವಿದ್ಯಾರ್ಥಿವೇತನ ಬರುತ್ತಿರುವ ಮಗುವಿನ ಬ್ಯಾಂಕ್ ಖಾತೆಯನ್ನು ಅವಸರದಲ್ಲಿ ಮುಚ್ಚಬಾರದು. ಹಣ ಆಧಾರ್ ಜೋಡಿಸಿದ ಖಾತೆಗೇ ಬರುವುದು, ಅದೂ ತನ್ನ ಪುರುಸೊತ್ತಿಗೆ.

ದೊಡ್ಡವರ ಕಾಗದಗಳ ವಿಷಯ ಇಷ್ಟು ಗೋಜಲಲ್ಲ. ಅಡುಗೆ ಅನಿಲದ ಸಿಲಿಂಡರು, ರೆಗ್ಯುಲೇಟರು ಒಪ್ಪಿಸಿ ವರ್ಗಾವಣೆ ಚೀಟಿ ಪಡೆದರೆ ಹೊಸ ಊರಲ್ಲಿ ಸಂಪರ್ಕ ಸಿಗುತ್ತದೆ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8. ಪಡಿತರವನ್ನು ಈಗ ಬೇರೆ ರಾಜ್ಯದಲ್ಲೂ ಅದೇ ಚೀಟಿಯ ಮೇಲೆ ಪಡೆಯಬಹುದು. ಬಳ್ಳಾರಿಯ ಕೆಎ 34 ಗುರುತಿನ ಬೈಕು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಉಳಿಯುವುದಾದರೆ ಅಲ್ಲಿ ಮರುನೋಂದಣಿ ಆಗಬೇಕು, ಅದಕ್ಕೆ ಇಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಹಳೆಯ ಬೈಕಾದರೆ ಇಲ್ಲೇ ಮಾರಿ ಹೋಗುವುದು ಲಾಭ.

ಕೊನೆಗೆ ಲಾರಿ. ಸಿರುಗುಪ್ಪಕ್ಕೂ ಕುರುಗೋಡಿಗೂ ರೈಲಿಲ್ಲ, ಆದ್ದರಿಂದ ಸಾಮಾನು ರಸ್ತೆಯ ಮೇಲೇ ಹೋಗಬೇಕು. ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಅಲ್ಲಿಂದ ಬೆಳಗಾವಿ, ಕೊಲ್ಹಾಪುರ, ಸಾತಾರದ ಮೇಲೆ ಪುಣೆ. ಜನ ಹೋಗುವುದಾದರೆ ಗುಂತಕಲ್ಲಿಗೆ ಹೋಗಿ ರಾಯಚೂರು, ಸೊಲ್ಲಾಪುರದ ಮೇಲೆ ಸಾಗುವ ಮುಂಬಯಿ ಗಾಡಿ ಹಿಡಿಯಬಹುದು. ತಿಂಗಳುಗಳಲ್ಲಿ ಏಪ್ರಿಲ್, ಮೇ ವಾಸಿ. ಬಳ್ಳಾರಿಯ ಬಿಸಿಲಿನಲ್ಲಿ ಬೀರು ಎತ್ತುವವರ ಕಷ್ಟ ನಿಜ. ಆದರೆ ಜೂನ್ ದಾಟಿದರೆ ಘಟ್ಟದ ಕಡೆ ಮಳೆ ಹಿಡಿಯುತ್ತದೆ, ಹಾಸಿಗೆ ಪುಸ್ತಕ ಎಲ್ಲ ನೆನೆದು ತೊಪ್ಪೆ.

ಬಾಡಿಗೆ ಗೊತ್ತು ಮಾಡುವಾಗ ಅತಿ ಕಡಿಮೆ ಹೇಳಿದವರ ಬಗ್ಗೆ ಅನುಮಾನವಿರಲಿ. ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಿ, ಸಾಮಾನು ಹೆಚ್ಚಾಗಿದೆ, ಇನ್ನಷ್ಟು ಕೊಟ್ಟರೆ ಮಾತ್ರ ಮುಂದೆ ಎನ್ನುವವರಿದ್ದಾರೆ. ಮನೆಗೆ ಬಂದು ಸಾಮಾನು ಕಣ್ಣಾರೆ ನೋಡಿ, ಹತ್ತಿಸುವುದು, ಇಳಿಸುವುದು, ಮಹಡಿ ಏರಿಸುವುದು ಎಲ್ಲ ಸೇರಿಸಿ ಬರೆದುಕೊಟ್ಟ ಮೊತ್ತವೇ ಮೊತ್ತ. ಸಾಗಣೆಯ ರಸೀದಿ ಪಡೆಯದೆ ಲಾರಿ ಬಿಡಬಾರದು. 2007ರ ರಸ್ತೆ ಸಾಗಣೆ ಕಾಯ್ದೆಯಂತೆ ಸಾಮಾನು ಕಳೆದರೆ, ಒಡೆದರೆ ಮೊಕದ್ದಮೆ ಹೂಡುವ ಮುನ್ನ ಬರವಣಿಗೆಯಲ್ಲಿ ನೋಟಿಸು ಕೊಡಬೇಕು, ಅದೂ ಸಾಮಾನು ಒಪ್ಪಿಸಿದ ದಿನದಿಂದ 180 ದಿನದೊಳಗೆ. ರಸೀದಿ ಇಲ್ಲದವನ ನೋಟಿಸಿಗೆ ಬೆಲೆ ಎಲ್ಲಿ? ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ ಎಂಬುದು ಜಿಎಸ್‌ಟಿ ನಿಯಮದಲ್ಲೇ ಇದೆ. ಆದರೂ ಸಾಮಾನಿನ ಪಟ್ಟಿಯೊಂದನ್ನು ರುಜು ಹಾಕಿ ಡ್ರೈವರನ ಕೈಗೆ ಕೊಟ್ಟರೆ ನಾಕಾಗಳಲ್ಲಿ ಮಾತು ಕಡಿಮೆಯಾಗುತ್ತದೆ.

ಏನನ್ನು ಒಯ್ಯುವುದು, ಏನನ್ನು ಬಿಡುವುದು ಎಂಬುದರಲ್ಲಿ ಮನೆ ಮನೆಗೂ ಜಗಳ. ರುಬ್ಬುವ ಕಲ್ಲು, ಹಳೆಯ ಮಂಚ, ಮುರಿದ ಸೈಕಲ್ಲು ಇವುಗಳ ಬೆಲೆಗಿಂತ ಬಾಡಿಗೆಯೇ ಹೆಚ್ಚು. ಹಾಗೆಂದು ಲೆಕ್ಕವೇ ಎಲ್ಲವೂ ಅಲ್ಲ. ಸಿರುಗುಪ್ಪದವರು ಎಲ್ಲಿಗೆ ಹೋದರೂ ಸೋನಾ ಮಸೂರಿ ಚೀಲ ಬಿಟ್ಟು ಹೋಗುವವರಲ್ಲ. ಪುಣೆಯಲ್ಲಿ ಅಕ್ಕಿ ಸಿಗುವುದಿಲ್ಲವೇ ಎಂದು ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ. ರೊಟ್ಟಿಯ ಹಂಚೂ ಹಾಗೆಯೇ. ಮಕ್ಕಳಿಗೆ ತಲಾ ಒಂದು ಡಬ್ಬಿ ಕೊಟ್ಟು, ಅದರಲ್ಲಿ ನಿಮಗೆ ಬೇಕಾದ್ದು ತುಂಬಿ, ಯಾರೂ ತೆಗೆದು ನೋಡುವುದಿಲ್ಲ ಎಂದರೆ ಅವರ ಅರ್ಧ ಅಳು ನಿಲ್ಲುತ್ತದೆ. ಹಳೆಯ ಗೋಲಿ, ಗೆಳತಿಯ ಕಾಗದ, ಅಂಗಳದ ಕಲ್ಲು ಏನೇ ಇರಲಿ, ಅದಕ್ಕೆ ಹಿಡಿಯುವ ಜಾಗ ಎಷ್ಟು?

ಮುಂಚೆ ಹೋದ ತಂದೆಗೂ ಹತ್ತು ತಿಂಗಳಲ್ಲಿ ಕೆಲಸವಿದೆ. ಮನೆಯನ್ನು ಕಚೇರಿಗೆ ಹತ್ತಿರ ನೋಡುವುದಲ್ಲ, ಶಾಲೆಗೆ ಹತ್ತಿರ ನೋಡುವುದು. ದೊಡ್ಡವರು ಬಸ್ಸು ಹಿಡಿಯಬಲ್ಲರು. ಪುಣೆಯ ಕನ್ನಡ ಸಂಘ ಶಾಲೆಗಳನ್ನು ನಡೆಸುತ್ತದೆ, ಅಲ್ಲಿ ವಿಚಾರಿಸಿದರೆ ಊರಿನ ಶಾಲೆಗಳ ನಾಡಿಮಿಡಿತ ತಿಳಿಯುತ್ತದೆ. ಚಿಕ್ಕ ಮಗನಿಗೆ ವಾರಕ್ಕೊಮ್ಮೆ ಫೋನಿನಲ್ಲಿ ನಾಲ್ಕು ಮರಾಠಿ ಮಾತು ಹೇಳಿಕೊಟ್ಟರೂ ಸಾಕು. ಮೊದಲು ಬೇಕಾದದ್ದು ಕಿವಿಯ ಅಭ್ಯಾಸ. ಮಗಳ ಪರೀಕ್ಷೆಗೆ ಹದಿನೈದು ದಿನ ಮೊದಲು ರಜೆ ಹಾಕಿ ಬಂದರೆ ಇನ್ನೂ ಒಳ್ಳೆಯದು. ಆ ರಜೆಯನ್ನು ಸಾಮಾನು ಕಟ್ಟಲು ಬಳಸಬಾರದು. ಪರೀಕ್ಷೆಯ ಕೊನೆಯ ದಿನದವರೆಗೆ ಮನೆಯಲ್ಲಿ ಒಂದು ಹಗ್ಗವೂ ಬಿಚ್ಚಬಾರದು, ಒಂದು ಡಬ್ಬಿಯೂ ಅಲುಗಬಾರದು. ಸುತ್ತ ಗೋಡೆ ಬೋಳಾಗುತ್ತಿರುವಾಗ ಓದುವ ಮಗುವಿಗೆ ಮನಸ್ಸು ನಿಲ್ಲುವುದಿಲ್ಲ.

ಲಾರಿ ಹೊರಡುವ ದಿನ ಶಾಲೆಯ ಕಾಗದಗಳ ಫೈಲು ಲಾರಿಗೆ ಹೋಗಕೂಡದು, ಟ್ರಂಕಿಗೂ ಹೋಗಕೂಡದು. ತಾಯಿಯ ಕೈಚೀಲದಲ್ಲಿ, ನೀರಿನ ಬಾಟಲಿಯಿಂದ ದೂರ, ಪ್ಲಾಸ್ಟಿಕ್ ಹೊದಿಕೆಯೊಳಗೆ ಇರಬೇಕು. ಒಂದು ಜೆರಾಕ್ಸ್ ಪ್ರತಿ ಕುರುಗೋಡಿನ ಅಜ್ಜಿಯ ಮನೆಯ ಬೀರುವಿನಲ್ಲಿ. ಅಜ್ಜಿ ಪುಣೆಗೆ ಬರುವುದಿಲ್ಲ ಎಂದಿದ್ದಾರೆ. ದೀಪಾವಳಿಗೆ ಮಕ್ಕಳೇ ಬರಬೇಕಂತೆ.